ಆರನೆಯ ಮನೆ

ಬೆಟಗೇರಿಯ ಆ ಓಣಿಗೆ ನಾನು ನಾಲ್ಕು ಸಲ ಹೋಗಿದ್ದೇನೆ,
ನಾಲ್ಕು ಸಲವೂ ಬೇರೆ ಬೇರೆಯವರ ಪಗಾರದ ಮೇಲೆ.

ಮೊದಲು ಅರ್ಥಶಾಸ್ತ್ರ.
ಓಣಿಯ ಬಾಯಿಂದ ಪ್ರತಿ ಏಳನೆಯ ಮನೆ.
ಬೀಗವಿದ್ದರೆ ಮತ್ತೆರಡು ಸಲ ಹೋಗು,
ಆಮೇಲೂ ಬೀಗವೇ ಇದ್ದರೆ ಬೀಗ ಅಂತಲೇ ಬರಿ,
ನಿನ್ನ ಮನಸ್ಸಿಗೆ ಬಂದ ಮನೆಗೆ ಮಾತ್ರ ಹೋಗಬೇಡ
ಎಂದು ಹೊಂಬಳ ಸರ್ ಹೇಳಿ ಕಳಿಸಿದ್ದರು.
ಆರನೆಯ ಮನೆಯ ಕಟ್ಟೆಯ ಮೇಲೆ
ರೇಷನ್ ಕಾರ್ಡು, ಆಧಾರು, ಕರೆಂಟಿನ ಬಿಲ್ಲು
ಉಡಿಯಲ್ಲಿಟ್ಟುಕೊಂಡು ಕೂತಿದ್ದಳು ಶಾಕಂಬರೆವ್ವ.
“ನಿಮ್ಮ ಮನಿ ಬರೂದಿಲ್ರಿ.”
“ಯಾಕ? ನಮ್ಮನಿ ಏನ್ ಮಾಡೇತಿ?”
ಏನೂ ಮಾಡಿಲ್ಲ. ಆರನೆಯದಾಗಿದೆ.
ಇದನ್ನು ಹೇಗೆ ತಿಳಿಸುವುದೆಂದು ತಿಳಿಯದೆ
ಕುಡಿಯಲು ನೀರು ಬೇಡಿದೆ.
ತಾಮ್ರದ ತಂಬಿಗೆ, ತುಂಬ ತಣ್ಣಗಿತ್ತು.

ಎರಡನೆಯ ಸಲ ಭಾಷೆಯವರು.
ಕೈಯಲ್ಲಿ ರೆಕಾರ್ಡರು, ನೂರಿಪ್ಪತ್ತು ಶಬ್ದ:
ಒಲೆಗೆ ಹಾಕುವ ಸೌದೆಗೆ ಏನಂತೀರಿ,
ನಾಡಿದ್ದಿನ ಮರುದಿನಕ್ಕೆ ಏನಂತೀರಿ,
ಗಂಡನ ತಂಗಿಗೆ.
ಮೂರು ತಲೆಮಾರು ಇದೇ ಊರವರಾಗಿರಬೇಕು.
ಆಕೆ ಗುಳೇದಗುಡ್ಡದಿಂದ ಲಗ್ನವಾಗಿ ಬಂದಾಕೆ.
ನಲವತ್ತು ವರ್ಷದಿಂದ ಇಲ್ಲಿಯೇ ಜಗಳಾಡಿದ್ದಾಳೆ,
ಲಾಲಿ ಹಾಡಿದ್ದಾಳೆ, ಹೆಣದ ಮುಂದೆ ಕೂತು ಅತ್ತಿದ್ದಾಳೆ.
ಶಾಸ್ತ್ರಕ್ಕೆ ಸಾಲದು.

ಮೂರನೆಯದು ಸಾಬೂನಿನ ಕಂಪನಿ,
ಫ್ರಿಜ್ ಇದ್ದ ಮನೆಗಳು ಮಾತ್ರ.
ಉಳಿದ ಒಂದು ಸ್ಯಾಂಪಲ್ಲನ್ನು ಆಕೆಯ ಕೈಗಿಟ್ಟೆ.
ಮೂಸಿ ನೋಡಿ ತಿರುಗಿ ಕೊಟ್ಟಳು:
“ಇದು ಜವಾಬು ಕೊಟ್ಟವರಿಗಲ್ಲನ?”

ನಡುವೆ ಒಂದು ಚಳಿಗಾಲ ಮಾಗಡಿ ಕೆರೆಯ ದಂಡೆ.
ಹತ್ತು ಹಕ್ಕಿ ಎಣಿಸು, ಹತ್ತರ ಅಗಲವನ್ನು ಕಣ್ಣಲ್ಲಿ ಹಿಡಿ,
ಆ ಅಗಲದಿಂದ ಹಿಂಡನ್ನು ಅಳೆ.
ಅಳೆಯುವುದರೊಳಗೆ ಹೆಬ್ಬಾತುಗಳೆದ್ದು
ಹೊಲದ ಕಡೆ ಹೋಗಿಬಿಟ್ಟವು.
ಸುಮಾರು ಎಂದು ಬರೆ, ಅಂದರು.
ಸುಮಾರು ಎಂದು ಬರೆಯಲು ಹಕ್ಕಿಯವರು ಅಂಜುವುದಿಲ್ಲ,
ಅದೊಂದು ನನಗೆ ಹಿಡಿಸಿತು.

ನಾಲ್ಕನೆಯ ಸಲ ಕಿವಿಯ ಡಾಕ್ಟರರು.
ಮಗ್ಗದ ಸಪ್ಪಳಕ್ಕೆ ಎಷ್ಟು ಮಂದಿಯ ಕಿವಿ ಮಂದವಾಗಿದೆ?
ಡಬ್ಬಿಯಿಂದ ಚೀಟಿ ಎತ್ತಿ ಮನೆ ಆರಿಸಿದ್ದರು.
ಆಕೆಯ ಚೀಟಿ ಡಬ್ಬಿಯಲ್ಲೇ ಉಳಿದಿತ್ತು.
ಈ ಸಲ ಕಟ್ಟೆಯ ಮೇಲೆ ಕಾಗದಪತ್ರವಿಲ್ಲ.
ತಂಬಿಗೆ ಮಾತ್ರ ತುಂಬಿ ಇಟ್ಟಿದ್ದಳು.
“ಮಗ್ಗ ಎಷ್ಟದಾವಂತ ನಿನ್ನ ಪಟ್ಟಿಯೊಳಗ?”
ನಗರಸಭೆಯ ಹಾಳೆ ತಿರುವಿ, ಹದಿನಾಲ್ಕು, ಅಂದೆ.
ಎಲ್ಲ ಬಾಗಿಲಲ್ಲೂ ಅದನ್ನೇ ಹೇಳಿದ್ದರು:
ನಡೀತಾವ್ರಿ, ನಡೀತಾವ್ರಿ.
ನಿಂತಿದೆ ಎಂದರೆ ಸಾಲ ಸಿಗುವುದಿಲ್ಲ,
ಹೆಣ್ಣೂ ಸಿಗುವುದಿಲ್ಲ.

“ನೀ ಮೊದಲ ಬಂದಾಗ ಹದಿನಾಕು ಖರೇ.
ನನಗ ರಾತ್ರಿ ನಿದ್ದಿ ಹತ್ತೂದಿಲ್ಲ ತಂಗಿ,
ಗ್ವಾಡಿಗೆ ಬೆನ್ನ ಹಚ್ಚಿ ಎಣಸ್ತೀನಿ.
ತುದಿ ಮನೀದು ಗಣಪತಿ ಹಬ್ಬಕ್ಕ ಹೋತು,
ಬಾವಿ ಬಾಜೂದು ಮಳಿಗಾಲದಾಗ.
ಈಗ ಒಂಬತ್ತು.
ಒಂಬತ್ತರಾಗ ಒಂದು ಕುಂಟತೈತಿ. ಕೇಳು.”

ಪೆನ್ನು ಕೆಳಗಿಟ್ಟು ಕೇಳಿದೆ.
ಟಕ ಟಕ ಟಕ ಟಕ, ಎಲ್ಲವೂ ಒಂದರ ಮೇಲೊಂದು.
ಬಹಳ ಹೊತ್ತಿನ ಮೇಲೆ
ಎಳೆ ಎಳೆಯಾಗಿ ಬಿಡಿಸಿಕೊಂಡವು.
ಹೌದು, ಒಂದು ತಡೆದು ತಡೆದು ಬರುತ್ತಿತ್ತು,
ಮೆಟ್ಟಿಲ ಹತ್ತುವ ಮುದುಕರ ಹಾಗೆ.

“ಅದು ಯಾರ ಮನೀದು?”
ನಾಲ್ಕು ಸಲದಲ್ಲಿ ಆಕೆಗೆ ನಾನು ಕೇಳಿದ
ಮೊದಲ ಪ್ರಶ್ನೆ.

ತಂಬಿಗೆ ಎತ್ತಿಕೊಂಡು
ಹಿತ್ತಲ ಖೋಲಿಗೆ ಹೋದಳು ಶಾಕಂಬರೆವ್ವ.
ಒಳಗೆ ಯಾರಿಗೋ ನೀರು ಕುಡೀರಿ ಅಂದದ್ದು ಕೇಳಿಸಿತು.

ಕಟ್ಟೆಯ ಮೇಲೆ ಕೂತು
ನಾನು ಎಣಿಸಿದೆ.
ಎಂಟು.