ಸರ್ವೆ ನಂಬರ್ ೧೧೨, ಹಿಸ್ಸಾ ೨

ರೋಣದ ಬಸ್ಸಿಳಿದು ಎರಿ ದಾರಿ ಹಿಡಿದರ
ನಿನ್ನಿ ಬಿದ್ದ ಹನಿಗೆ
ಚಪ್ಪಲಿಗೆ ಚಪ್ಪಲಿಯಷ್ಟ ಮಣ್ಣು.
ಒಂದು ಫೋಟೋಕ್ಕ ಹತ್ತು ರೂಪಾಯಿ,
ನಲವತ್ತೊಂದು ಹೊಲ, ಬ್ಯಾಟರಿ ಅರವತ್ತು.
ಹಿಂಗ ಹೊಂಟೈತಿ ನನ್ನ ಹಿಂಗಾರು.

ಮೊಬೈಲಿನಾಗ ನಾನೊಂದು ನೀಲಿ ಚುಕ್ಕಿ.
ಬದುವಿನ ಮ್ಯಾಲ ನಿಂತರ ಒಪ್ಪಂಗಿಲ್ಲ ಅದು:
‘ನೀವು ಜಮೀನಿನಿಂದ ಆರು ಮೀಟರ್ ಹೊರಗಿದ್ದೀರಿ.’
ಆರು ಮೀಟರ್ ಅಂದ್ರ ಒಂದು ಬನ್ನಿ ಗಿಡ,
ಅದರ ಬುಡಕ್ಕ ಕಟ್ಟಿದ ಒಂದು ಆಡು.
ಯಾರ ಹಿಸ್ಸೇದಾಗ ಮೇಯಾಕತ್ತೀನಿ ಅಂತ
ಆಡು ಯಾರನ್ನೂ ಕೇಳಿಲ್ಲ.

ಫಕೀರವ್ವ ಕಡ್ಲಿ ಕುಡಿ ಚಿವುಟಾಕತ್ತಿದ್ದಳು,
ಬಗ್ಗಿದಾಕಿ ಏಳಲಿಲ್ಲ.
‘ಹ್ವಾದ ವರ್ಷ ಬಂದಾವ
ರಸ್ತೆದಾಗ ನಿಂತ ಹೊಡಕೊಂಡ ಹೋದ.
ಪಾಳು ಅಂತ ಬಿತ್ತು.
ಖರೀದಿ ಕೇಂದ್ರದಾಗ ಕಂಪ್ಯೂಟರ್ ಹುಡುಗ ಅಂದ,
ಅಮ್ಮಾ, ನಿಮ್ಮ ಹೊಲದಾಗ ಏನೂ ಬೆಳದಿಲ್ಲ.
ಆರು ಚೀಲ ಕಡ್ಲಿ ತಂದಿದ್ದೆ.
ಒಂದು ಚೀಲದ ಮ್ಯಾಲ ಕುಂತ ಕೇಳಿದೆ ಆ ಮಾತ.’

‘ಈ ಸಲ ನಾನು ಹೊಲದಾಗ ನಿಂತೀನಿ,’ ಅಂದೆ.
‘ತಗದದ್ದು ಎಲ್ಲಿಗೆ ಹೊಕ್ಕೈತಿ?’
‘ಕ್ಲೌಡಿಗೆ.’
ಆಕಿ ಮುಗಿಲು ನೋಡಲಿಲ್ಲ.
‘ಅಲ್ಲಿ ಕಾವಲಿಗೆ ಯಾರದಾರ?’

ನನಗ ಗೊತ್ತಿರಲಿಲ್ಲ.
ಮುತ್ಯಾ ನೆನಪಾದ.
ನದಾಫರ ಓಣ್ಯಾಗ ಆತ ಹೆದಿ ಮಿಡಿದರ
ಗಂಟುಗಂಟಾದ ಹತ್ತಿ ಬಿಚ್ಚಿಕೊಂಡು
ಜಂತಿ ತನಕ ಮೋಡ, ಮನಿತುಂಬ ಮೋಡ,
ನಮ್ಮ ಹುಬ್ಬಿನ ಮ್ಯಾಲ, ರೊಟ್ಟಿ ಮ್ಯಾಲ.
ಯಾವುದು ಗೌಡರ ಗಾದಿ, ಯಾವುದು ಬಾಣಂತಿ ದಿಂಬು
ಅಂತ ಆ ಮೋಡದಾಗೂ
ಮುತ್ಯಾಗ ತಪ್ಪುತಿರಲಿಲ್ಲ.

‘ನಾನೂ ನಿಂದ್ರತೀನಿ ಫೋಟೋಕ್ಕ.’
ಸೆರಗು ಸರಿಮಾಡಿಕೊಂಡು ನಿಂತಳು,
ಉಡಿತುಂಬ ಕುಡಿ.
ಮೊಬೈಲ್ ಅಂತು:
‘ಚೌಕಟ್ಟಿನಲ್ಲಿ ವ್ಯಕ್ತಿ ಇದ್ದಾರೆ. ಮತ್ತೊಮ್ಮೆ ಪ್ರಯತ್ನಿಸಿ.’
ಮತ್ತೊಮ್ಮೆ.
ಮತ್ತೊಮ್ಮೆ.
‘ಸ್ವಲ್ಪ ಸರೀಬೇಕಾಕ್ಕೈತಿ ನೀ.’

ಸರಿಯೂದು ಆಕಿಗೆ ಹೊಸದಲ್ಲ.
ಉತಾರದಾಗ ಇನ್ನೂ ಮಾವನ ಹೆಸರು;
ಮಾವ ತೀರಿ ಹತ್ತೊಂಬತ್ತು ವರ್ಷ.
ಮಾಲಕರ ಕಾಲಮ್ಮಿನಾಗೂ ಆತ,
ಸಾಗುವಳಿದಾರರ ಕಾಲಮ್ಮಿನಾಗೂ ಆತ,
ವರ್ಷಾ ತಪ್ಪದ ಬಿತ್ತತಾನ.

ಹೊತ್ತು ಇಳಿದಿತ್ತು.
ಆಕಿ ಎಡಕ್ಕ ಸರದಳು, ಬದುವಿನತನಕ.
ಮೊಬೈಲ್ ಸುಮ್ಮನಾತು.
ಒತ್ತುವಾಗ ಕಂಡೆ:
ಉದ್ದಕ, ನಾಕು ಸಾಲು ಕಡ್ಲಿ ದಾಟಿ
ಆಕಿ ನೆರಳು ಚೌಕಟ್ಟಿನಾಗ ಬಿದ್ದಿತ್ತು,
ಉಡಿ ಸಮೇತ.
ಇನ್ನೊಂದು ತೆಗೀಬಹುದಿತ್ತು.
ತೆಗೀಲಿಲ್ಲ.
‘ಬೆಳೆ: ಕಡಲೆ. ಅಂಗೀಕರಿಸಲಾಗಿದೆ.’

‘ಬಂತೇನ ನಾನು?’
ಏನ ಹೇಳಲಿ.
‘ಹೊಲ ಬಂತು,’ ಅಂದೆ.
‘ಹೊಲ ಬಂದ್ರ ಆತು,’ ಅಂದು
ಒಂದು ಹಿಡಿ ಕುಡಿ ಕೊಟ್ಟಳು,
‘ಪಲ್ಯಾ ಮಾಡ, ಶಮೀಮಾ. ಬೆಳ್ಳುಳ್ಳಿ ಜಾಸ್ತಿ ಹಾಕು.’

ರಾತ್ರಿ ಸಾಲಿ ಮಾಳಿಗಿ ಮ್ಯಾಲ,
ನೀರಿನ ಟಾಕಿಗೆ ಆತು ನಿಂತರಷ್ಟ ಸಿಗ್ನಲ್ಲು.
ನಲವತ್ತು ಹ್ವಾದವು, ಒಂದು ನಿಂತತು.
ಸುತ್ತತಿತ್ತು, ಸುತ್ತತಿತ್ತು, ಗಾಣದ ಎತ್ತಿನಂಗ.
ಊರಾಗ ಒಂದೊಂದ ಲೈಟ್ ಆರಿದವು.
ಗಂಡಸರೆಲ್ಲಾ ಚಾದರದಾಗ ಹೊಕ್ಕ ಮ್ಯಾಲ
ಹೋತು ಅದೂ.

ಯಾವ ಊರಿನ ಯಾವ ಯಂತ್ರದಾಗೋ ಈಗ,
ಹೆಸರಿಲ್ಲದ, ಮುಖ ಇಲ್ಲದ,
ಕಡ್ಲಿ ಮ್ಯಾಲ ಮಲಗಿದ ಒಂದು ನೆರಳು.
ಕಾಯೋರು ಯಾರೋ.

ಪರದೆ ಒರಸಾಕ ಹೋದೆ.
ಬೆರಳ ಗುರುತು ಹಿಡೀಲಿಲ್ಲ ಮೊಬೈಲು.
ನಾಲಿಗೆಗೆ ಹಚ್ಚಿ ನೋಡಿದೆ ಬೆರಳ:
ಕಡ್ಲಿ ಹುಳಿ,
ಇನ್ನೂ ಇತ್ತು.