ಹದಿನೇಳನೇ ಬಿಲ

ಇಳಿತದ ಹೊತ್ತು. ಸುಂಕೇರಿ ಸೇತುವೆಯಾಚೆ
ಕಾಂಡ್ಲಾ ಬೇರುಗಳ ನಡುವೆ, ಕೆಸರಿಗೆ ಹಲಗೆ ಹಾಸಿ
ಕೂತಿದ್ದಾಳೆ ತುಳಸಾ ಹರಿಕಂತ್ರ,
ಕೈಯಲ್ಲಿ ಗಡಿಯಾರ.
ಹದಿನೇಳನೇ ಬಿಲದ ಏಡಿ
ನಿಮಿಷಕ್ಕೆ ಇಪ್ಪತ್ತೆರಡು ಸಲ
ದೊಡ್ಡ ಕೈ ಬೀಸುತ್ತದೆ: ಬಾ, ಬಾ.

"ಎಣಿಸೂದಕ್ಕೂ ಪಗಾರ ಕೊಡ್ತಾರಾ?"
ದೋಣಿಯಿಂದ ಅಪ್ಪ.
ಕೊಡುತ್ತಾರೆ. ಹನ್ನೊಂದು ತಿಂಗಳು.

ಅವಳಿಗೆ ಗೊತ್ತು, ಆ ಕೈ ಅಸಲಲ್ಲ.
ಜಗಳದಲ್ಲಿ ಮುರಿದು ಮತ್ತೆ ಚಿಗುರಿದ್ದು;
ಅಷ್ಟೇ ಉದ್ದ, ಹಿಡಿತವಿಲ್ಲ, ಹಗುರ.
ಪಕ್ಕದ ಬಿಲದವನು ಮಾತ್ರ
ಇನ್ನೂ ಹೆದರಿ ಸರಿಯುತ್ತಾನೆ.

ಸಂದರ್ಶನದಲ್ಲಿ ಕೇಳಿದ್ದರು,
ಸಂಖ್ಯಾಶಾಸ್ತ್ರ ಬರುತ್ತದೆಯೇ?
ಬರುತ್ತದೆ ಅಂದಿದ್ದಳು, ಬೆನ್ನು ನೆಟ್ಟಗೆ ಮಾಡಿ.

ವಹಿಯಲ್ಲಿ 'ಹುಸಿಗೈ' ಎಂದು ಬರೆಯಲು ಪೆನ್ನೆತ್ತಿದವಳು
ಒಮ್ಮೆ ಸುತ್ತ ನೋಡಿದಳು.
ನೀರು ಏರುತ್ತಿತ್ತು. ಏಡಿ
ಬಾಗಿಲಿಗೆ ಮಣ್ಣುಂಡೆ ಎಳೆದುಕೊಂಡಿತು.
ಬರೆದಳು, ಸಣ್ಣಕ್ಷರದಲ್ಲಿ.