ಒಂದು ಡಾಲರ್

ಬ್ಲಫ್‌ನಲ್ಲಿ ಗಾಳಿಗೆ ಯಾರೂ ಹೆಸರಿಡುವುದಿಲ್ಲ,
ಅದು ಮನೆಯವರ ಹಾಗೆ ಬಂದು ಹೋಗುತ್ತಿರುತ್ತದೆ.
ಶುಕ್ರವಾರ ರಾತ್ರಿ ಮಾತ್ರ ಸಮುದ್ರ ದಾಟಿ ಬಂದದ್ದು
ಹನ್ನೊಂದು ಕಂಬಗಳನ್ನೂ ಒಟ್ಟಿಗೇ ಕೆಡವಿತು,
ನನ್ನ ಎಲೆಕೋಸಿನ ಮಡಿಯ ಮೇಲೆ ಬೋರಲು.

ಬೆಳಿಗ್ಗೆ ಕಿಟಕಿ ತೆರೆದರೆ
ಆರು ವರ್ಷ ಬರೀ ಕೆಮ್ಮಾಗಿದ್ದ ಹೊಹೇಪಾ
ಹಲ್ಲುಜ್ಜುತ್ತ ನಿಂತಿದ್ದಾನೆ, ಇಡೀ ಆಳು.
ನಾನು ರಾತ್ರಿಯಂಗಿಯಲ್ಲಿ.
ಇಬ್ಬರೂ ಮೋಡ ನೋಡಿದಂತೆ ಮಾಡಿ
ಒಳಗೆ ಹೋದೆವು.

ಜಗಳ ಯಾತಕ್ಕೆಂದು ಕೇಳಬೇಡಿ.
ಒಂದು ದೋಣಿ, ಅದರ ಡೀಸೆಲ್ ವಾಸನೆ,
ನಾನು ಆಡಿದ ಒಂದು ಮಾತು.
ಅವನ ಹೆಂಡತಿ ಆಗ ಬದುಕಿದ್ದಳು.

ಸೋಮವಾರ ಬಾಗಿಲ ಕೆಳಗೆ ಚೀಟಿ:
'ಮರ್ಲ್, ರಿಪೇರಿಯಲ್ಲಿ ಅರ್ಧ ನನ್ನದು.
ಕೋಸಿನ ದುಡ್ಡು ಬೇರೆ.'
ಅದರ ಬೆನ್ನಿಗೇ ಬರೆದು ಕಳಿಸಿದೆ:
'ಗಾಳಿ ನಿನ್ನದಲ್ಲ. ಕೋಸು ಬಿಡು.'

ಬಡಗಿ ಬರಲು ಮೂರು ವಾರ.
ಅಷ್ಟರಲ್ಲಿ ಅವನ ಕೋಳಿಗಳು
ಉಳಿದ ಕೋಸಿನ ಲೆಕ್ಕವನ್ನೂ ಚುಕ್ತಾ ಮಾಡಿದವು;
ನನ್ನ ಬೆಕ್ಕು ಅವನ ದೋಣಿಯಡಿ ಮರಿ ಹಾಕಿತು.
ಅವನು ಕೋಳಿಗಳಿಗೆ ಹಾಡುತ್ತಾನೆಂದು
ನನಗೆ ಗೊತ್ತಿರಲಿಲ್ಲ.

ಡೆಸ್ಮಂಡ್ ಬಂದ, ಕಿವಿಯಲ್ಲಿ ಪೆನ್ಸಿಲು.
ಅಳೆದ, ಉಗುಳಿದ, ಕೇಳಿದ:
'ಒಳ್ಳೆ ಮುಖ ಯಾರ ಕಡೆಗೆ?'
ಬೇಲಿಗೂ ಅಂಗಿಯ ಹಾಗೆ ಒಳಹೊಲಿಗೆ ಇರುತ್ತದೆ,
ಒಂದು ಕಡೆ ನುಣುಪು ಹಲಗೆ,
ಇನ್ನೊಂದು ಕಡೆ ಅಡ್ಡಪಟ್ಟಿ, ಮೊಳೆಯ ಮೂತಿ.
'ಅವನ ಕಡೆಗೆ' ಎಂದೆ.
'ಅವಳ ಕಡೆಗೆ' ಎಂದ, ಅದೇ ಉಸಿರಿನಲ್ಲಿ.
ಔದಾರ್ಯ ಅಂದುಕೊಳ್ಳಬೇಡಿ,
ಋಣ ಬೇಡವೆಂಬ ಹಟ.

ತಲೆ ಕೆರೆದುಕೊಂಡ ಡೆಸ್ಮಂಡ್:
'ಸರಿ, ಹಲಗೆ ಆಚೆಗೊಂದು ಈಚೆಗೊಂದು ಬಡಿಯುತ್ತೇನೆ.
ಸಂದಿನಲ್ಲಿ ಗಾಳಿ ತೂರಿ ಹೋಗುತ್ತೆ,
ಬೇಲಿ ಬೀಳಲ್ಲ.
ಮರ ಒಂದಿಷ್ಟು ಹೆಚ್ಚು ಬೇಕು.'
'ಮತ್ತೆ ಮುಖ?'
'ಎರಡೂ ಮುಖವೇ. ಇಲ್ಲ, ಎರಡೂ ಬೆನ್ನೇ.
ನಿಮಗೆ ಹೇಗೆ ಬೇಕೋ ಹಾಗೆ.'

ಒಟ್ಟು ಐದು ಸಾವಿರದ ಇನ್ನೂರ ಹದಿನೇಳು.
ಬೆಸ ಸಂಖ್ಯೆ. ಅರ್ಧ ಮಾಡಿದರೆ
ಐವತ್ತು ಸೆಂಟಿನ ಬಾಲ.
ಬಾಲ ಕತ್ತರಿಸಲು ನಾಚಿಕೆಯಾಗಿ
ನಾನು ಎರಡು ಸಾವಿರದ ಆರುನೂರ ಒಂಬತ್ತು ಕೊಟ್ಟೆ.
ಅವನೂ ಅಷ್ಟೇ ಕೊಟ್ಟ.
ಡೆಸ್ಮಂಡ್ ಎರಡು ಸಲ ಎಣಿಸಿ
ಹೆಚ್ಚಿದ ಡಾಲರನ್ನು ನಡುಗಂಬದ ತಲೆಯ ಮೇಲಿಟ್ಟು
'ನೀವೇ ಹಂಚಿಕೊಳ್ಳಿ' ಎಂದು ವ್ಯಾನು ಹತ್ತಿದ.

ಸಂದಿನಲ್ಲಿ ಈಗ ಅವನು ಪಟ್ಟಿಪಟ್ಟಿಯಾಗಿ ಕಾಣುತ್ತಾನೆ,
ಒಂದು ಭುಜ, ಒಂದು ಬಕೆಟ್ಟು, ಅರ್ಧ ಟೋಪಿ.
ಬಾಣಲೆಯ ಈರುಳ್ಳಿ ಯಾರದೆಂದು ಗಾಳಿಗೆ ಗೊತ್ತಿಲ್ಲ.
ಮರಿಗಳಲ್ಲಿ ಎರಡು ಅಲ್ಲೇ ಉಳಿದವು,
ಅದರ ಬಗ್ಗೆ ಚೀಟಿ ಬಂದಿಲ್ಲ.

ನಿನ್ನೆ ರಾತ್ರಿ ಮತ್ತೆ ಬೀಸಿತು, ತಗಡು ಹಾರುವಷ್ಟು.
ಬೆಳಕಾಗುವ ಮೊದಲೇ ಇಬ್ಬರೂ ಟಾರ್ಚು ಹಿಡಿದು
ಹೊರಗೆ ಬಂದಿದ್ದೆವು,
ಬೇಲಿ ನೋಡಲಿಕ್ಕಲ್ಲ,
ಡಾಲರ್ ಇದೆಯೇ ಎಂದು.